ಹಾಡುವವರು ಯಾಕೆ ಇಷ್ಟು ತಡವಾಗಿ ಬರುತ್ತಾರೆ? ಸ್ವಿಂಗ್ ಕಾಲದ ಪ್ರೇಮಗೀತೆಗಳ ಒಳಗುಟ್ಟು

ಯೂಟ್ಯೂಬಿನಲ್ಲಿ ಅಮೆರಿಕದ ಗ್ಲೆನ್ ಮಿಲ್ಲರ್ ಬ್ಯಾಂಡಿನ ‘ಆ್ಯಟ್ ಲಾಸ್ಟ್’ ಹಾಕಿ. 1942ರದ್ದು. ಸ್ಯಾಕ್ಸೊಫೋನುಗಳು ಬರುತ್ತವೆ, ಟ್ರಂಪೆಟ್ಟುಗಳು ಬರುತ್ತವೆ, ಹಾಡಿನ ಧಾಟಿ ನಮಗೆ ಚೆನ್ನಾಗಿ ಪರಿಚಯವಾಗಿ ಗುನುಗಬಹುದು ಅನ್ನುವ ಹಂತಕ್ಕೂ ಬರುತ್ತೇವೆ, ಆದರೂ ಯಾರೂ ಬಾಯಿ ಬಿಟ್ಟಿರುವುದಿಲ್ಲ. ಇದೇನು ಬರೀ ವಾದ್ಯಸಂಗೀತವಾ ಅಂದುಕೊಳ್ಳುವ ಹೊತ್ತಿಗೆ ರೇ ಎಬರ್ಲಿ ಬಂದು ಸಾಹಿತ್ಯವನ್ನು ಒಂದೇ ಒಂದು ಸುತ್ತು ಹಾಡಿ ಮುಗಿಸುತ್ತಾನೆ. ಅಷ್ಟೇ.

ಆ ಕಾಲದ ನೂರಾರು ಪ್ರೇಮಗೀತೆಗಳು ಹೀಗೇ ಇವೆ. ನಮಗೆ ಇದು ವಿಚಿತ್ರ ಅನಿಸುವುದು ಸಹಜ. ನಮ್ಮ ಸಿನಿಮಾ ಹಾಡಿನಲ್ಲಿ ಹಾಡುವವರೇ ಯಜಮಾನರು, ಪಲ್ಲವಿಗೂ ಚರಣಕ್ಕೂ ನಡುವಿನ ಸಂದು ತುಂಬುವುದು ವಾದ್ಯಗಳ ಕೆಲಸ. ಇಲ್ಲಿ ಲೆಕ್ಕ ಉಲ್ಟಾ. ವಾದ್ಯಗಳು ಮನೆಯವರು, ಹಾಡುವವರು ನೆಂಟರು. ಈ ನೆಂಟರು ಮನೆಗೆ ಯಜಮಾನರಾಗಿದ್ದು ಹೇಗೆ ಅನ್ನುವುದು ತಿಳಿದರೆ ಈ ಹಾಡುಗಳು ಬೇರೆಯದೇ ಥರ ಕೇಳಿಸುತ್ತವೆ. ಅದಕ್ಕೆ ಪ್ರತಿಭೆ ಎಷ್ಟು ಕಾರಣವೋ ಮೈಕು, ಮುಷ್ಕರ, ಯುದ್ಧ, ತೆರಿಗೆ ಕೂಡ ಅಷ್ಟೇ ಕಾರಣ.

ಮೊದಲು ಒಂದಿಷ್ಟು ಹಿನ್ನೆಲೆ. ಅಮೆರಿಕದಲ್ಲಿ ಸುಮಾರು 1935ರಿಂದ 1946ರವರೆಗಿನ ಕಾಲವನ್ನು ಸ್ವಿಂಗ್ ಕಾಲ ಅನ್ನುತ್ತಾರೆ. ಸ್ವಿಂಗ್ ಅಂದರೆ ದೊಡ್ಡ ಬ್ಯಾಂಡುಗಳು ಕುಣಿತಕ್ಕೆ ನುಡಿಸುತ್ತಿದ್ದ ಜಾಝ್ ಸಂಗೀತ. ಲಾಸ್ ಏಂಜಲೀಸಿನ ಪಾಲೊಮಾರ್ ಬಾಲ್‌ರೂಮಿನಲ್ಲಿ 1935ರ ಆಗಸ್ಟ್ 21ರಂದು ಬೆನ್ನಿ ಗುಡ್‌ಮನ್ ಬ್ಯಾಂಡಿಗೆ ಹುಡುಗ ಹುಡುಗಿಯರು ಹುಚ್ಚೆದ್ದು ಕುಣಿದ ರಾತ್ರಿಯನ್ನು ಶುರು ಅಂತ ಹಿಡಿಯುವುದು ವಾಡಿಕೆ. ಕಪ್ಪು ಜನರ ಬ್ಯಾಂಡುಗಳು ಅದಕ್ಕೂ ಮುಂಚೆಯೇ ಇದನ್ನೆಲ್ಲ ನುಡಿಸುತ್ತಿದ್ದವು ಅನ್ನುವುದು ಬೇರೆ ಮಾತು. ಬಿಗ್ ಬ್ಯಾಂಡ್ ಅಂದರೆ ಹದಿನೈದು ಹದಿನಾರು ಜನ: ಟ್ರಂಪೆಟ್ಟಿನವರು, ಟ್ರೊಂಬೋನಿನವರು, ಸ್ಯಾಕ್ಸೊಫೋನಿನವರು, ಲಯ ಹಿಡಿಯಲು ಪಿಯಾನೊ, ಗಿಟಾರು, ಬೇಸು, ಡ್ರಮ್ಸು. ಬ್ಯಾಂಡಿಗೆ ಮಾಲೀಕನ ಹೆಸರು. ಅವನೂ ಸಾಮಾನ್ಯವಾಗಿ ಒಂದು ವಾದ್ಯದ ಉಸ್ತಾದ. ಟಾಮಿ ಡಾರ್ಸಿಯದು ಟ್ರೊಂಬೋನು, ಹ್ಯಾರಿ ಜೇಮ್ಸ್‌ನದು ಟ್ರಂಪೆಟ್ಟು, ಗುಡ್‌ಮನ್ ಮತ್ತು ಆರ್ಟಿ ಶಾ ಇಬ್ಬರದೂ ಕ್ಲಾರಿನೆಟ್ಟು.

ಜನ ಬರುತ್ತಿದ್ದದ್ದು ಕುಣಿಯಲು. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಕ್ಕಾಲು ಪಾಲು ಗುಟ್ಟು ಬಿಚ್ಚಿದಂತೆ. ಆಗಿನ ಗ್ರಾಮಫೋನ್ ಪ್ಲೇಟಿನ ಮೇಲಿನ ಲೇಬಲ್ ನೋಡಿ. ಬ್ಯಾಂಡಿನ ಹೆಸರು ದೊಡ್ಡದಾಗಿ, ಹಾಡಿನ ಹೆಸರು, ಅದರ ಜೊತೆಗೆ ‘ಫಾಕ್ಸ್ ಟ್ರಾಟ್’ ಅಂತ ಕುಣಿತದ ಹೆಸರು, ಮತ್ತೆ ಎಲ್ಲೋ ಒಂದು ಕಡೆ ಸಣ್ಣಕ್ಷರದಲ್ಲಿ ‘ವೋಕಲ್ ರಿಫ್ರೇನ್ ಬೈ’ ಇಂಥವರು. ಹಾಡಿದವರ ಹೆಸರೇ ಇಲ್ಲದ ಪ್ಲೇಟುಗಳೂ ಉಂಟು. ಹೆಂಡತಿ ಸತ್ತ ದುಃಖದ ಹಾಡಾದರೂ ಸರಿ, ಜೋಡಿಗಳು ಹೆಜ್ಜೆ ಹಾಕಲು ಬರಬೇಕಿತ್ತು. ಹಾಗಾಗಿ ಲಯ ತೀರಾ ನಿಧಾನ ಆಗುವಂತಿಲ್ಲ, ಹಾಡುವವರು ಭಾವ ಉಕ್ಕಿ ಬಂತು ಅಂತ ನಡುವೆ ನಿಂತು ಎಳೆಯುವಂತಿಲ್ಲ. ಡ್ರಮ್ಸು ಕಾಯುವುದಿಲ್ಲ.

ಇನ್ನು ಸಮಯದ ಲೆಕ್ಕ. ಆಗಿನ ಹತ್ತು ಇಂಚಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಎಳೆದರೆ ಇನ್ನೊಂದಿಷ್ಟು ಸೆಕೆಂಡು. ಆ ಕಾಲದ ಜನಪ್ರಿಯ ಹಾಡುಗಳು ಬಹುತೇಕ 32 ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ಆವರ್ತ) ಅಚ್ಚಿನಲ್ಲಿ ಬರೆದವು: ಎಂಟು ಬಾರ್‌ನ ಒಂದು ಧಾಟಿ, ಅದೇ ಮತ್ತೊಮ್ಮೆ, ಆಮೇಲೆ ಎಂಟು ಬಾರ್ ಬೇರೆ ಧಾಟಿ, ಕೊನೆಗೆ ಮತ್ತೆ ಮೊದಲಿನದೇ. ಈ ಪೂರ್ತಿ ಸುತ್ತಿಗೆ ಕೋರಸ್ ಅನ್ನುತ್ತಾರೆ. ಬಾರ್‌ಗೆ ನಾಲ್ಕು ಎಣಿಕೆಯಂತೆ ಒಟ್ಟು 128 ಎಣಿಕೆ. ನಿಮಿಷಕ್ಕೆ 120 ಎಣಿಕೆಯ ಹದವಾದ ವೇಗದಲ್ಲಿ ಹೋದರೆ ಒಂದು ಕೋರಸ್ಸಿಗೆ 64 ಸೆಕೆಂಡು. ಪ್ರೇಮಗೀತೆ ಅಂತ 85ಕ್ಕೆ ಇಳಿಸಿದರೆ ಸುಮಾರು 90 ಸೆಕೆಂಡು. ಅಂದರೆ ಮೂರು ನಿಮಿಷದಲ್ಲಿ ಎರಡು ಕೋರಸ್, ಜಾಸ್ತಿ ಅಂದರೆ ಎರಡೂವರೆ. ಮೊದಲನೆಯದು ಬ್ಯಾಂಡಿಗೆ, ಯಾಕೆಂದರೆ ಬ್ಯಾಂಡು ಅವರದು, ಪ್ಲೇಟು ಅವರದು. ಎರಡನೆಯದು ಹಾಡುವವರಿಗೆ. ಉಳಿದ ಚೂರುಪಾರು ಮತ್ತೆ ಬ್ಯಾಂಡಿಗೆ. ರೇ ಎಬರ್ಲಿ ತಡವಾಗಿ ಬರುವುದು ಇದೇ ಕಾರಣಕ್ಕೆ.

ಸರಿಯಾಗಿ ಕಿವಿಗೊಟ್ಟರೆ ಹಾಡುವವರು ಬರುವ ಮುಂಚೆ ಎರಡು ನಾಲ್ಕು ಬಾರ್‌ಗಳಲ್ಲಿ ಏನೋ ಹೊರಳಿದಂತೆ ಆಗುವುದು ಗೊತ್ತಾಗುತ್ತದೆ. ಅದು ಶ್ರುತಿ ಬದಲಾಗುವ ಜಾಗ. ಬ್ಯಾಂಡು ಒಂದು ಶ್ರುತಿಯಲ್ಲಿ ಧಾಟಿ ನುಡಿಸಿ ಮುಗಿಸುತ್ತದೆ, ಆ ಶ್ರುತಿ ಹಾಡುವವರ ಕಂಠಕ್ಕೆ ಒಗ್ಗುವುದಿಲ್ಲ, ಅದಕ್ಕೇ ಅರೇಂಜರ್ (ಯಾವ ವಾದ್ಯ ಯಾವಾಗ ಏನು ನುಡಿಸಬೇಕು ಅಂತ ಬರೆದುಕೊಡುವವನು) ಒಂದು ಸಣ್ಣ ಸೇತುವೆ ಕಟ್ಟಿ ಇಡೀ ಬ್ಯಾಂಡನ್ನು ಆ ಕಡೆಗೆ ದಾಟಿಸುತ್ತಾನೆ. ನನಗೆ ಈ ಸೇತುವೆಗಳೇ ಬಹಳ ಇಷ್ಟ. ಬಾಗಿಲು ತೆರೆಯುತ್ತಿದೆ, ಯಾರೋ ಬರುತ್ತಿದ್ದಾರೆ ಅನ್ನುವ ನಿರೀಕ್ಷೆ ಅಲ್ಲಿ ಹುಟ್ಟುತ್ತದೆ. ಅದು ಬರೀ ತಾಂತ್ರಿಕ ಅಗತ್ಯಕ್ಕೆ ಮಾಡಿದ್ದಾದರೂ ಪ್ರೇಮಗೀತೆಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ.

ಹಾಡುವವರ ಸ್ಥಾನಮಾನವೂ ಇದಕ್ಕೆ ತಕ್ಕ ಹಾಗೇ ಇತ್ತು. ಅವರನ್ನು ಕರೆಯುತ್ತಿದ್ದದ್ದು ‘ಬಾಯ್ ಸಿಂಗರ್’, ‘ಗರ್ಲ್ ಸಿಂಗರ್’ ಅಂತ. ಸಂಗೀತ ಪತ್ರಿಕೆಗಳು ಹುಡುಗಿಯರಿಗೆ ‘ಕ್ಯಾನರಿ’ (ಪಂಜರದಲ್ಲಿ ಸಾಕುವ ಹಾಡುಹಕ್ಕಿ) ಅಂತಲೂ ಹೆಸರಿಟ್ಟಿದ್ದವು. ಇವರು ವೇದಿಕೆಯ ಮುಂದೆ ಕುರ್ಚಿಯಲ್ಲಿ ಸಂಜೆಯಿಡೀ ಮುಖದಲ್ಲಿ ನಗು ಹೊತ್ತು ಕೂತಿರಬೇಕು, ತಮ್ಮ ಕೋರಸ್ ಬಂದಾಗ ಎದ್ದು ಹಾಡಬೇಕು, ಮತ್ತೆ ಹೋಗಿ ಕೂರಬೇಕು. ಬಸ್ಸಿನಲ್ಲಿ ಊರೂರು ಸುತ್ತಾಟ, ವಾರದ ಸಂಬಳ. ಹ್ಯಾರಿ ಜೇಮ್ಸ್ 1939ರಲ್ಲಿ ನ್ಯೂ ಜೆರ್ಸಿಯ ರಸ್ತೆಬದಿಯ ರಸ್ಟಿಕ್ ಕ್ಯಾಬಿನ್ ಎಂಬ ಜಾಗದಲ್ಲಿ ಹಾಡುತ್ತಿದ್ದ ಒಬ್ಬ ಸಣಕಲು ಹುಡುಗನನ್ನು ವಾರಕ್ಕೆ 75 ಡಾಲರಿಗೆ ಸೇರಿಸಿಕೊಂಡ. ಆ ಹುಡುಗ ಫ್ರ್ಯಾಂಕ್ ಸಿನಾಟ್ರಾ.

ಸಿನಾಟ್ರಾ ವಿಷಯಕ್ಕೆ ಹೋಗುವ ಮುಂಚೆ ಮೈಕಿನ ಬಗ್ಗೆ ಹೇಳಲೇಬೇಕು. ಅದಿಲ್ಲದೆ ಈ ಹಾಡುಗಾರಿಕೆಯೇ ಇಲ್ಲ. 1925ರವರೆಗೆ ರೆಕಾರ್ಡಿಂಗ್ ಅಂದರೆ ಒಂದು ದೊಡ್ಡ ಕಹಳೆಯಂಥ ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ಹಾಡುವುದು. ನಾಟಕದ ರಂಗದಲ್ಲೂ ಹಾಗೇ, ಕೊನೆಯ ಸಾಲಿನವನಿಗೂ ಕೇಳಬೇಕು. ಆ ವರ್ಷ ಎಲೆಕ್ಟ್ರಿಕಲ್ ರೆಕಾರ್ಡಿಂಗ್ ಬಂತು. ಮೈಕಿನ ಹತ್ತಿರ ನಿಂತು ಮೆಲ್ಲಗೆ ಹಾಡಿದರೂ ಹದಿನೈದು ವಾದ್ಯಗಳ ಮೇಲೆ ದನಿ ತೇಲುವಂತಾಯಿತು. 1930ರ ದಶಕದ ಆರಂಭದಲ್ಲಿ ಆರ್‌ಸಿಎ ಕಂಪನಿಯ ರಿಬ್ಬನ್ ಮೈಕುಗಳು ಬಂದಮೇಲಂತೂ ಇನ್ನೊಂದು ಅನುಕೂಲ. ಇಂಥ ಮೈಕಿಗೆ ಬಾಯಿ ಹತ್ತಿರ ತಂದಷ್ಟೂ ದನಿಯ ತಗ್ಗಿನ ಭಾಗ ದಪ್ಪವಾಗಿ, ಬೆಚ್ಚಗೆ ಕೇಳುತ್ತದೆ. ಕಿವಿಯ ಪಕ್ಕ ಯಾರೋ ಮಾತಾಡಿದ ಹಾಗೆ.

ಬಿಂಗ್ ಕ್ರಾಸ್ಬಿ ಇದನ್ನು ಮೊದಲು ಚೆನ್ನಾಗಿ ಅರ್ಥ ಮಾಡಿಕೊಂಡವರಲ್ಲಿ ಒಬ್ಬ. ಅವನು ಪಾಲ್ ವೈಟ್‌ಮನ್‌ನ ಆರ್ಕೆಸ್ಟ್ರಾದಲ್ಲಿ ಹಾಡಿ ಬೆಳೆದವನು. 1929ರಲ್ಲಿ ಅದೇ ವೈಟ್‌ಮನ್ ಮಿಲ್ಡ್ರೆಡ್ ಬೇಲಿಯನ್ನು ಸೇರಿಸಿಕೊಂಡ. ದೊಡ್ಡ ಬ್ಯಾಂಡಿನಲ್ಲಿ ಕಾಯಂ ಆಗಿ ಹಾಡಿದ ಮೊದಲ ಹೆಣ್ಣುಮಕ್ಕಳಲ್ಲಿ ಆಕೆಯೂ ಒಬ್ಬಳು. ಮೈಕು ಬಂದದ್ದರಿಂದ ಹೆಣ್ಣುದನಿಗೆ ಆದ ಲಾಭದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೇಲಿನ ಸ್ಥಾಯಿಯಲ್ಲಿ ಕೂಗಬೇಕಿಲ್ಲ, ಮಾತಾಡುವ ಸ್ಥಾಯಿಯಲ್ಲೇ ಹಾಡಬಹುದು. ಮಾತಿನ ಸ್ಥಾಯಿಯಲ್ಲಿ ಹಾಡಿದಾಗ ಸಾಹಿತ್ಯ ನಂಬುವಂತೆ ಇರುತ್ತದೆ. ಹೆಲೆನ್ ಫಾರೆಸ್ಟ್, ಜೋ ಸ್ಟಾಫರ್ಡ್, ಡೋರಿಸ್ ಡೇ ಎಲ್ಲರೂ ನಿಂತಿರುವುದು ಈ ನೆಲದ ಮೇಲೆ.

ಈಗ ಟಾಮಿ ಡಾರ್ಸಿ. 1940ರ ಜನವರಿಯಲ್ಲಿ ಸಿನಾಟ್ರಾ ಜೇಮ್ಸ್ ಬ್ಯಾಂಡು ಬಿಟ್ಟು ಡಾರ್ಸಿ ಹತ್ತಿರ ಬಂದ. ಡಾರ್ಸಿಯ ಟ್ರೊಂಬೋನು ಕೇಳಿದರೆ ಅವನು ಉಸಿರು ತೆಗೆದುಕೊಳ್ಳುವುದು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಸಾಲಿಗೆ ನುಣ್ಣಗೆ ಜಾರುತ್ತದೆ. ಬಾಯಿಯ ಅಂಚಿನಲ್ಲಿ ಸೂಜಿಕಣ್ಣಿನಷ್ಟು ಜಾಗ ಬಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದ ಅಂತ ಸಿನಾಟ್ರಾನೇ ಆಮೇಲೆ ಹೇಳಿಕೊಂಡಿದ್ದಾನೆ. ಅವನು ರಾತ್ರಿ ರಾತ್ರಿ ಹಿಂದೆ ಕೂತು ಇದನ್ನು ಗಮನಿಸಿದ, ಉಸಿರು ಬೆಳೆಸಲು ನೀರಿನೊಳಗೆ ಈಜಿದ, ಆಮೇಲೆ ಅದನ್ನು ಹಾಡಿಗೆ ತಂದ. ಇದರಿಂದ ಆದದ್ದು ಬರೀ ಕಸರತ್ತಲ್ಲ. ಬೇರೆ ಬ್ಯಾಂಡ್ ಹಾಡುಗಾರರು ಎರಡು ಬಾರ್‌ಗೊಮ್ಮೆ ಉಸಿರಿಗಾಗಿ ಸಾಲು ಕತ್ತರಿಸುತ್ತಿದ್ದಾಗ ಇವನು ವಾಕ್ಯದ ಅರ್ಥ ಮುಗಿಯುವಲ್ಲಿ ಮಾತ್ರ ನಿಲ್ಲುತ್ತಿದ್ದ. ಕೇಳುವವರಿಗೆ ಅದು ಹಾಡಿದ ಹಾಗಲ್ಲ, ಹೇಳಿದ ಹಾಗೆ ಕೇಳಿತು.

ಇದರ ಮೊದಲ ದೊಡ್ಡ ಫಲ ‘ಐ ವಿಲ್ ನೆವರ್ ಸ್ಮೈಲ್ ಅಗೇನ್’. ಬರೆದದ್ದು ಟೊರಾಂಟೊದ ಪಿಯಾನೊ ವಾದಕಿ ರೂತ್ ಲೋ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ದುಃಖದಲ್ಲಿ. ಅದೇ ವರ್ಷ ಗ್ಲೆನ್ ಮಿಲ್ಲರ್ ಬ್ಯಾಂಡು ಕೂಡ ರೇ ಎಬರ್ಲಿಯಿಂದ ಇದನ್ನು ಹಾಡಿಸಿ ರೆಕಾರ್ಡು ಮಾಡಿತ್ತು, ಅದು ಅಷ್ಟೇನೂ ಸದ್ದು ಮಾಡಲಿಲ್ಲ. ಡಾರ್ಸಿ ಮೇ 23ರಂದು ಮಾಡಿದ ರೆಕಾರ್ಡು ಮಾತ್ರ ಎಲ್ಲ ಕಟ್ಟಳೆ ಮುರಿಯಿತು. ಇಲ್ಲಿ ಬ್ಯಾಂಡು ಮೊದಲ ಕೋರಸ್ ನುಡಿಸುವುದೇ ಇಲ್ಲ. ಗಂಟೆ ಸದ್ದಿನ ಸೆಲೆಸ್ಟಾ ವಾದ್ಯದ ಪುಟ್ಟ ಪೀಠಿಕೆ, ಕೂಡಲೇ ಪೈಡ್ ಪೈಪರ್ಸ್ ಎಂಬ ಗಾಯನ ತಂಡ ಮತ್ತು ಸಿನಾಟ್ರಾ ಪಿಸುಮಾತಿನಂತೆ ಹಾಡು ಎತ್ತಿಕೊಳ್ಳುತ್ತಾರೆ, ಸಿನಾಟ್ರಾ ಒಬ್ಬನೇ ಆಗಾಗ ಅವರಿಂದ ಹೊರಬಂದು ಮತ್ತೆ ಒಳಗೆ ಸೇರಿಕೊಳ್ಳುತ್ತಾನೆ. ಡಾರ್ಸಿಯ ಟ್ರೊಂಬೋನಿಗೆ ಸಿಕ್ಕಿದ್ದು ನಡುವೆ ಒಂದಿಷ್ಟು. ಬಿಲ್‌ಬೋರ್ಡ್ ಪತ್ರಿಕೆ 1940ರ ಜುಲೈ 27ರಂದು ಮೊಟ್ಟಮೊದಲ ಬಾರಿಗೆ ಮಾರಾಟದ ಪಟ್ಟಿ ಹಾಕಿದಾಗ ಮೊದಲ ಸ್ಥಾನದಲ್ಲಿದ್ದದ್ದು ಇದೇ. 12 ವಾರ ಅಲ್ಲೇ ಕೂತಿತ್ತು.

ಬಾಲ್‌ರೂಮುಗಳಲ್ಲೂ ಇದೇ ಹೊತ್ತಿಗೆ ಒಂದು ಬದಲಾವಣೆ ಕಾಣಿಸಿತು. ಸಿನಾಟ್ರಾ ಹಾಡಲು ಎದ್ದರೆ ಕುಣಿಯುವವರು ಕುಣಿತ ನಿಲ್ಲಿಸಿ ವೇದಿಕೆಯ ಹತ್ತಿರ ಬಂದು ನಿಂತು ಕೇಳತೊಡಗಿದರು. ಕುಣಿಯಲು ಬಂದವರು ನಿಂತರು ಅಂದರೆ ಆ ಇಡೀ ವ್ಯವಸ್ಥೆಯ ಬುಡವೇ ಅಲ್ಲಾಡಿದ ಹಾಗೆ ಅಲ್ವಾ?

ಸಿನಾಟ್ರಾ ಹೆಸರು ದೊಡ್ಡದಾದ್ದರಿಂದ ಹೆಲೆನ್ ಫಾರೆಸ್ಟ್ ಮಾಡಿದ್ದು ಮರೆಯಲ್ಲಿ ಉಳಿದಿದೆ. ನನ್ನ ಕೇಳಿದರೆ ಬ್ಯಾಂಡ್ ಹಾಡುಗಾರಿಕೆಯಲ್ಲಿ ಆಕೆಯೇ ಎಲ್ಲರಿಗಿಂತ ಮೇಲೆ. ಆರ್ಟಿ ಶಾ, ಬೆನ್ನಿ ಗುಡ್‌ಮನ್, ಇಬ್ಬರ ಹತ್ತಿರವೂ ಹಾಡಿ ಸಾಕಾದ ಆಕೆ 1941ರಲ್ಲಿ ಹ್ಯಾರಿ ಜೇಮ್ಸ್ ಹತ್ತಿರ ಬಂದಾಗ ಒಂದು ಷರತ್ತು ಹಾಕಿದಳು: ನಡುವೆ ಒಂದು ಕೋರಸ್ ಹಾಡಿ ಕೂರುವವಳು ನಾನಲ್ಲ, ಹಾಡಿನ ವಿನ್ಯಾಸ ನನ್ನ ಸುತ್ತ ಇರಬೇಕು. ಜೇಮ್ಸ್ ಒಪ್ಪಿದ. ‘ಐ ಡೋಂಟ್ ವಾಂಟ್ ಟು ವಾಕ್ ವಿದೌಟ್ ಯೂ’, ‘ಐ ಹ್ಯಾಡ್ ದಿ ಕ್ರೇಜಿಯೆಸ್ಟ್ ಡ್ರೀಮ್’ ಕೇಳಿ. ಟ್ರಂಪೆಟ್ಟು ಇನ್ನೂ ಇದೆ, ಅಳುವ ಹಾಗೆ ಕಂಪಿಸುತ್ತಲೇ ಇದೆ. ಕೆಲವರಿಗೆ ಅದು ತೀರಾ ಸಿಹಿ ಅನಿಸುತ್ತದೆ, ನನಗೂ ಒಮ್ಮೊಮ್ಮೆ. ಆದರೆ ಹಾಡಿನ ತೂಕ ಆಕೆಯ ಕಡೆ. ಅವಳು ಅತ್ತು ಕರೆಯುವುದಿಲ್ಲ. ಸ್ವರಕ್ಕೆ ಸರಿಯಾಗಿ ಬರುವ ಬದಲು ಕೂದಲೆಳೆಯಷ್ಟು ತಡವಾಗಿ ಬಂದು, ಆಮೇಲೆ ಲಯದ ಜೊತೆ ಸೇರಿಕೊಳ್ಳುತ್ತಾಳೆ. ಡ್ರಮ್ಸು ಕಾಯುವುದಿಲ್ಲ ಅಂದೆನಲ್ಲ, ಆ ಕಾಯದ ಡ್ರಮ್ಸಿನ ಎದುರು ಈ ಸಣ್ಣ ತಡವರಿಕೆಯೇ ಮನಸ್ಸಿನ ಹಿಂಜರಿಕೆಯ ಹಾಗೆ ಕೇಳುತ್ತದೆ. ಲಯ ಸಡಿಲವಾಗಿದ್ದರೆ ಈ ಪರಿಣಾಮ ಬರುತ್ತಲೇ ಇರಲಿಲ್ಲ.

ಟಾಮಿಯ ಅಣ್ಣ ಜಿಮ್ಮಿ ಡಾರ್ಸಿಯ ಬ್ಯಾಂಡು ಬೇರೆಯದೇ ದಾರಿ ಹಿಡಿಯಿತು. ಅವನ ಹತ್ತಿರ ಇಬ್ಬರು ಹಾಡುಗಾರರು: ಬಾಬ್ ಎಬರ್ಲಿ (ಮಿಲ್ಲರ್ ಹತ್ತಿರವಿದ್ದ ರೇಯ ಅಣ್ಣ, ಅವನಿಗಿಂತ ಎಷ್ಟೋ ಪಾಲು ವಾಸಿ) ಮತ್ತು ಹೆಲೆನ್ ಒಕಾನೆಲ್. ರೇಡಿಯೊ ಕಾರ್ಯಕ್ರಮದ ಕೊನೆಯಲ್ಲಿ ಉಳಿಯುತ್ತಿದ್ದ ಕೆಲವೇ ನಿಮಿಷದಲ್ಲಿ ಇಬ್ಬರನ್ನೂ, ಬ್ಯಾಂಡನ್ನೂ ತೋರಿಸಬೇಕಿತ್ತು. ಅರೇಂಜರ್ ಟೂಟಿ ಕಮರಾಟಾ ಒಂದು ಉಪಾಯ ಹುಡುಕಿದ. ಮೊದಲು ಬಾಬ್ ನಿಧಾನವಾಗಿ, ಪ್ರೇಮದಲ್ಲಿ ಮುಳುಗಿದವನಂತೆ ಹಾಡುತ್ತಾನೆ. ಆಮೇಲೆ ಬ್ಯಾಂಡು ವೇಗ ಹೆಚ್ಚಿಸಿ ಒಂದಿಷ್ಟು ನುಡಿಸುತ್ತದೆ. ಕೊನೆಗೆ ಹೆಲೆನ್ ಬಂದು ಅದೇ ಹಾಡನ್ನು ತುಂಟತನದಿಂದ, ಸ್ವಲ್ಪ ಅಣಕಿಸಿದ ಹಾಗೆ ಹಾಡುತ್ತಾಳೆ. ‘ಅಮಪೋಲಾ’, ‘ಗ್ರೀನ್ ಐಸ್’, ‘ಟ್ಯಾಂಜರೀನ್’ ಮೂರೂ ಇದೇ ಅಚ್ಚು, ಮೂರೂ ಭರ್ಜರಿ ಗೆಲುವು.

ಇವುಗಳಲ್ಲಿ ಮೊದಲಿನ ಎರಡು ಹಾಡು ಸ್ಪೇನಿನ, ಕ್ಯೂಬಾದ ಸಂಗೀತಗಾರರದ್ದು. ಅದಕ್ಕೂ ಒಂದು ಕಾರಣ ಇದೆ. ಅಮೆರಿಕದ ಬಹುತೇಕ ಹಾಡು ಬರೆಯುವವರ ಹಕ್ಕು ನೋಡಿಕೊಳ್ಳುತ್ತಿದ್ದದ್ದು ಆಸ್ಕ್ಯಾಪ್ ಎಂಬ ಸಂಘ. ಅದಕ್ಕೂ ರೇಡಿಯೊ ಜಾಲಗಳಿಗೂ ಗೌರವಧನದ ವಿಷಯದಲ್ಲಿ ಜಗಳ ಬಂದು 1941ರ ಜನವರಿಯಿಂದ ಅಕ್ಟೋಬರ್ ಕೊನೆಯವರೆಗೆ ಆ ಸಂಘದ ಹಾಡುಗಳು ದೊಡ್ಡ ರೇಡಿಯೊ ಜಾಲಗಳಲ್ಲಿ ಬರಲೇ ಇಲ್ಲ. ಬ್ಯಾಂಡುಗಳಿಗೆ ರೇಡಿಯೊ ಅಂದರೆ ಅನ್ನ. ಹಕ್ಕಿನ ತಕರಾರು ಇಲ್ಲದ ಹಾಡು ಎಲ್ಲಿ ಸಿಕ್ಕರೂ ಸರಿ ಅಂತ ಹುಡುಕಿದಾಗ ಸಿಕ್ಕಿದ್ದು ಲ್ಯಾಟಿನ್ ಹಾಡುಗಳು, ಹಳೆಯ ಜನಪದದಂಥ ಹಾಡುಗಳು. ಆ ವರ್ಷದ ಅಮೆರಿಕದ ಪ್ರೇಮಕ್ಕೆ ಕ್ಯೂಬಾದ ಬಣ್ಣ ಬಂದದ್ದು ಹೀಗೆ.

ಇನ್ನು ಕಹಿಯಾದ ಒಂದು ಭಾಗ. ಪ್ರೇಮಗೀತೆ ಹಾಡುವ ಹಕ್ಕು ಆಗ ಎಲ್ಲರಿಗೂ ಸಮನಾಗಿ ಇರಲಿಲ್ಲ. ಕಪ್ಪು ಬ್ಯಾಂಡುಗಳಿಂದ ರೆಕಾರ್ಡ್ ಕಂಪನಿಗಳು ಬಯಸುತ್ತಿದ್ದದ್ದು ಬಿರುಸಿನ ಕುಣಿತದ ಹಾಡು ಇಲ್ಲವೇ ಬ್ಲೂಸ್ ಎಂಬ ಕಪ್ಪು ಜನರ ನೋವಿನ ಹಾಡು. ಮೆಲುದನಿಯ ಪ್ರೇಮಗೀತೆ ಬಿಳಿಯರ ಬಾಬತ್ತು ಅನ್ನುವ ಭಾವನೆ. ಕನ್ಸಾಸ್ ಸಿಟಿಯ ಆ್ಯಂಡಿ ಕರ್ಕ್ ತನ್ನ ಗಾಯಕ ಫೇ ಟೆರೆಲ್‌ನಿಂದ ‘ಅಂಟಿಲ್ ದಿ ರಿಯಲ್ ಥಿಂಗ್ ಕಮ್ಸ್ ಅಲಾಂಗ್’ ಹಾಡಿಸಬೇಕು ಅಂದಾಗ ಡೆಕ್ಕಾ ಕಂಪನಿಯ ಜ್ಯಾಕ್ ಕ್ಯಾಪ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ ಅಂತ ಕರ್ಕ್ ನೆನಪಿಸಿಕೊಂಡಿದ್ದಾನೆ. ಹಟ ಹಿಡಿದು ಮಾಡಿದ 1936ರ ಆ ರೆಕಾರ್ಡೇ ಕರ್ಕ್ ಬ್ಯಾಂಡಿನ ದೊಡ್ಡ ಗೆಲುವಾಯಿತು. ಅಲ್ಲಿಂದ ಮುಂದೆ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ ಹರ್ಬ್ ಜೆಫ್ರೀಸ್ ‘ಫ್ಲೆಮಿಂಗೊ’ ಹಾಡಿದ, ಅರ್ಲ್ ಹೈನ್ಸ್ ಬ್ಯಾಂಡಿನಲ್ಲಿ ಬಿಲ್ಲಿ ಎಕ್‌ಸ್ಟೈನ್‌ನ ಗಂಭೀರ ದನಿ ಬಂತು.

ಬಿಲ್ಲಿ ಹಾಲಿಡೇ ಕಥೆ ಇನ್ನೂ ಬೇಸರದ್ದು. 1938ರಲ್ಲಿ ಆಕೆ ಆರ್ಟಿ ಶಾನ ಬಿಳಿಯರ ಬ್ಯಾಂಡಿಗೆ ಸೇರಿದಳು. ಕಪ್ಪು ಹೆಣ್ಣುಮಗಳೊಬ್ಬಳು ಹಾಗೆ ಸೇರುವುದೇ ದೊಡ್ಡ ಮಾತು. ಆದರೆ ಬೇರೆ ಕಂಪನಿಯ ಜೊತೆ ಆಕೆಗಿದ್ದ ಕರಾರಿನಿಂದಾಗಿ ಶಾ ಜೊತೆ ರೆಕಾರ್ಡು ಆದದ್ದು ‘ಎನಿ ಓಲ್ಡ್ ಟೈಮ್’ ಒಂದೇ. ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ಬ್ಯಾಂಡಿನ ಉಳಿದವರು ಮಾಮೂಲಿ ಲಿಫ್ಟಿನಲ್ಲಿ ಹೋದರೆ ಆಕೆ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಹೋಗಬೇಕಾಯಿತು. ವರ್ಷ ಮುಗಿಯುವ ಮುಂಚೆ ಬ್ಯಾಂಡು ಬಿಟ್ಟಳು. ಆ ಒಂದು ರೆಕಾರ್ಡಿನಲ್ಲೂ ಆಕೆಗೆ ಸಿಕ್ಕಿದ್ದು ಒಂದು ಸುತ್ತು. ಸಾಕು ಅದೇ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಮೇಲೆ ಅನಿಸುವುದು ಎಲಿಂಗ್ಟನ್ ಬ್ಯಾಂಡಿನ 1941ರ ‘ಐ ಗಾಟ್ ಇಟ್ ಬ್ಯಾಡ್’. ಐವಿ ಆಂಡರ್ಸನ್ ಹಾಡುತ್ತಾಳೆ, ಜಾನಿ ಹಾಜಸ್ ಆಲ್ಟೊ ಸ್ಯಾಕ್ಸೊಫೋನು ನುಡಿಸುತ್ತಾನೆ. ಇಲ್ಲಿ ನೆಂಟರು ಯಾರು ಮನೆಯವರು ಯಾರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಇಬ್ಬರೂ ಒಂದೇ ನೋವಿನ ಬಗ್ಗೆ ಮಾತಾಡುತ್ತಾರೆ, ಒಬ್ಬರದು ಮಾತಿನಲ್ಲಿ, ಇನ್ನೊಬ್ಬರದು ಮಾತಿಲ್ಲದೆ.

1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಹುಡುಗರು ಹಡಗು ಹತ್ತಿದರು. ಪ್ರೇಮಗೀತೆಯ ವಸ್ತು ತಾನಾಗೇ ಬದಲಾಯಿತು: ಅಗಲಿಕೆ, ಕಾಯುವುದು, ಕನಸು, ಕಾಗದ. ಸರ್ಕಾರಕ್ಕೆ ಬೇಕಾಗಿದ್ದದ್ದು ಹುರಿದುಂಬಿಸುವ ಹಾಡು, ಜನಕ್ಕೆ ಬೇಕಾಗಿದ್ದದ್ದು ಇದು. ಬ್ರಿಟನ್ನಿನಲ್ಲಿ ಬಿಬಿಸಿ 1942ರಲ್ಲಿ ಅತಿಯಾದ ಅಳುಮೋರೆಯ ಹಾಡುಗಳು ಸೈನಿಕರ ಧೈರ್ಯ ಕುಂದಿಸುತ್ತವೆ ಅಂತ ಅವುಗಳ ಮೇಲೆ ನಿರ್ಬಂಧವನ್ನೇ ಹಾಕಿತು. ಕೇಳುವವರು ಬಿಟ್ಟಾರೆಯೇ!

ಯುದ್ಧದಿಂದ ಇನ್ನೊಂದು ಕಷ್ಟ ಬಂತು, ಅದರ ತುದಿ ನಮ್ಮ ದೇಶದಲ್ಲಿದೆ. ಆಗಿನ ಪ್ಲೇಟುಗಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದದ್ದು ಅರಗಿನಿಂದ. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಚ್ಚುವ ಅದೇ ಅರಗು. ಕಲ್ಲಿನ ಪುಡಿ, ಮಸಿ ಬೆರೆಸಿ ಅದನ್ನು ಅಚ್ಚಿಗೆ ಒತ್ತಿದರೆ ಪ್ಲೇಟು. ಜಗತ್ತಿನ ಅರಗಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಛೋಟಾ ನಾಗಪುರದ ಕಾಡುಗಳಿಂದ. ಯುದ್ಧದಲ್ಲಿ ಹಡಗಿನ ದಾರಿ ಕೆಟ್ಟಿತು, ಸೇನೆಗೂ ಅರಗು ಬೇಕಾಯಿತು. 1942ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರ ಇತರ ಬಳಕೆಯನ್ನು ಶೇ 70ರಷ್ಟು ಕಡಿತ ಮಾಡಿತು. ಹೊಸ ಪ್ಲೇಟು ಬೇಕು ಅಂದರೆ ಹಳೆಯ ಪ್ಲೇಟು ತಂದು ಕೊಡಿ, ಪುಡಿ ಮಾಡಿ ಮತ್ತೆ ಬಳಸುತ್ತೇವೆ ಅಂತ ಅಂಗಡಿಗಳು ಕೇಳುವ ಪರಿಸ್ಥಿತಿ ಬಂತು. ಈ ಪುಡಿಯಲ್ಲಿ ಎಷ್ಟು ಒಳ್ಳೆಯ ಹಳೆ ಹಾಡು ಹೋದವೋ.

ಆಮೇಲೆ ಮುಷ್ಕರ. ವಾದ್ಯಗಾರರ ಸಂಘದ ಅಧ್ಯಕ್ಷ ಜೇಮ್ಸ್ ಪೆಟ್ರಿಲೊನ ವಾದ ಇಷ್ಟು: ಜ್ಯೂಕ್‌ಬಾಕ್ಸು (ಕಾಸು ಹಾಕಿದರೆ ಪ್ಲೇಟು ನುಡಿಸುವ ಪೆಟ್ಟಿಗೆ), ರೇಡಿಯೊ ಎಲ್ಲ ನಮ್ಮದೇ ರೆಕಾರ್ಡು ಹಾಕಿಕೊಂಡು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿವೆ, ಕಂಪನಿಗಳು ಮಾರಾಟದ ಪಾಲು ಸಂಘಕ್ಕೆ ಕೊಡಬೇಕು. ಕಂಪನಿಗಳು ಒಪ್ಪಲಿಲ್ಲ. 1942ರ ಆಗಸ್ಟ್ 1ರಿಂದ ಸಂಘದ ಯಾವ ವಾದ್ಯಗಾರನೂ ರೆಕಾರ್ಡಿಂಗ್ ಮಾಡಲಿಲ್ಲ. ಜುಲೈ ಪೂರ್ತಿ ಸ್ಟುಡಿಯೊಗಳಲ್ಲಿ ನೂಕುನುಗ್ಗಲು. ಹ್ಯಾರಿ ಜೇಮ್ಸ್ ಮತ್ತು ಹೆಲೆನ್ ಫಾರೆಸ್ಟ್‌ರ ‘ಐ ಹ್ಯಾವ್ ಹರ್ಡ್ ದಟ್ ಸಾಂಗ್ ಬಿಫೋರ್’ ಆದದ್ದು ಜುಲೈ 31ರಂದು, ಕೊನೆಯ ದಿನ. ಅದು 1943ರಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಡೆಕ್ಕಾ 1943ರ ಸೆಪ್ಟೆಂಬರಿನಲ್ಲಿ ರಾಜಿಗೆ ಬಂತು, ಕೊಲಂಬಿಯಾ ಮತ್ತು ವಿಕ್ಟರ್ ಎಂಬ ದೈತ್ಯರು 1944ರ ನವೆಂಬರಿನವರೆಗೆ ಪಟ್ಟು ಬಿಡಲಿಲ್ಲ.

ಇಲ್ಲೊಂದು ವಿಚಿತ್ರ ಇದೆ. ಹಾಡುವವರು ಆ ಸಂಘದ ಸದಸ್ಯರೇ ಆಗಿರಲಿಲ್ಲ! ಕಂಠ ವಾದ್ಯವಲ್ಲ ಅನ್ನುವ ಹಳೆಯ ಉದಾಸೀನ ಈಗ ಅವರಿಗೆ ವರವಾಯಿತು. ವಾದ್ಯಗಳ ಬದಲು ಹಿನ್ನೆಲೆಗೆ ಗಾಯಕರ ತಂಡ ಇಟ್ಟುಕೊಂಡು ಸಿನಾಟ್ರಾ, ಡಿಕ್ ಹೇಮ್ಸ್ 1943ರಲ್ಲಿ ರೆಕಾರ್ಡು ಮಾಡಿದರು, ಡಿಕ್ ಹೇಮ್ಸ್‌ನ ‘ಯೂ ವಿಲ್ ನೆವರ್ ನೋ’ ದೊಡ್ಡ ಗೆಲುವು ಕಂಡಿತು. ಬ್ಯಾಂಡಿಲ್ಲದೆಯೂ ಹಾಡುವವರು ನಿಲ್ಲಬಲ್ಲರು ಅಂತ ಕಂಪನಿಗಳಿಗೆ ಮನವರಿಕೆಯಾಯಿತು. ಹೊಸ ಸರಕು ಇಲ್ಲದ ಕೊಲಂಬಿಯಾ ಹಳೆಯ ಉಗ್ರಾಣ ಜಾಲಾಡಿ 1939ರ ‘ಆಲ್ ಆರ್ ನಥಿಂಗ್ ಅಟ್ ಆಲ್’ ಹೊರತೆಗೆಯಿತು. ಮೊದಲ ಸಲ ಅದು ಮಾರಾಟವಾಗಿದ್ದು ಕೆಲವೇ ಸಾವಿರ. ಆಗ ಅದು ಹ್ಯಾರಿ ಜೇಮ್ಸ್ ಆರ್ಕೆಸ್ಟ್ರಾದ ಪ್ಲೇಟು, ಗಾಯನ ಸಿನಾಟ್ರಾ. 1943ರಲ್ಲಿ ಅದೇ ರೆಕಾರ್ಡಿಂಗಿಗೆ ಸಿನಾಟ್ರಾ ಹೆಸರು ಮುಂದೆ, ಜೇಮ್ಸ್ ಹೆಸರು ಹಿಂದೆ. ಒಂದು ಸ್ವರವೂ ಬದಲಾಗದೆ ಭಾರೀ ಗೆಲುವು.

ಸಿನಾಟ್ರಾ ಅಷ್ಟರಲ್ಲಿ ಡಾರ್ಸಿಯನ್ನು ಬಿಟ್ಟಿದ್ದ, 1942ರ ಸೆಪ್ಟೆಂಬರಿನಲ್ಲಿ. ಬಿಡುವುದಕ್ಕೆ ಬರೆದುಕೊಟ್ಟ ಬೆಲೆ ಸಣ್ಣದಲ್ಲ: ಮುಂದಿನ ಗಳಿಕೆಯಲ್ಲಿ ಮೂರನೇ ಒಂದು ಪಾಲು ಡಾರ್ಸಿಗೆ, ಅದರ ಮೇಲೆ ಇನ್ನೂ ಶೇ 10 ಅವನ ಮ್ಯಾನೇಜರಿಗೆ. ಆಮೇಲೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಬ್ಯಾಂಡಿನಲ್ಲಿದ್ದಾಗಲೇ, ಆ ವರ್ಷದ ಜನವರಿಯಲ್ಲಿ, ಅರೇಂಜರ್ ಆ್ಯಕ್ಸೆಲ್ ಸ್ಟೋರ್ಡಾಲ್ ಜೊತೆ ಪಿಟೀಲುಗಳನ್ನು ಇಟ್ಟುಕೊಂಡು ತನ್ನ ಹೆಸರಿನಲ್ಲಿ ನಾಲ್ಕು ಹಾಡು ಮಾಡಿದ್ದ. ಮುಂದಿನ ಹತ್ತು ವರ್ಷದ ಅಮೆರಿಕನ್ ಪ್ರೇಮಗೀತೆ ಹೇಗಿರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ: ಲಯ ನಿಧಾನ, ಕುಣಿಯಲು ಬಾರದು, ಹಾಡುವವನು ಎರಡು ನಾಲ್ಕು ಬಾರ್‌ನಲ್ಲೇ ಹಾಜರು.

ಬ್ಯಾಂಡುಗಳ ಕೊನೆಯ ದೊಡ್ಡ ಪ್ರೇಮಗೀತೆಗಳು ಮನೆಗೆ ಮರಳುವ ಹಾಡುಗಳು. ಲೆಸ್ ಬ್ರೌನ್ ಬ್ಯಾಂಡಿನಲ್ಲಿ ಡೋರಿಸ್ ಡೇ ಹಾಡಿದ ‘ಸೆಂಟಿಮೆಂಟಲ್ ಜರ್ನಿ’ ರೆಕಾರ್ಡಾದದ್ದು 1944ರ ನವೆಂಬರಿನಲ್ಲಿ, ಕೊಲಂಬಿಯಾದ ಮುಷ್ಕರ ಮುಗಿದ ಕೆಲವೇ ದಿನಕ್ಕೆ. ಜನ ಕೇಳಿದ್ದು 1945ರಲ್ಲಿ, ಸೈನಿಕರು ವಾಪಸು ಬರುತ್ತಿದ್ದಾಗ. ಆ ಬ್ಯಾಂಡಿನ ತೂಗಾಡುವ ನಿಧಾನ ನಡಿಗೆ ರೈಲಿನ ಹಾಗೇ ಇದೆ. ಅದೇ ವರ್ಷ ಹ್ಯಾರಿ ಜೇಮ್ಸ್ ಜೊತೆ ಕಿಟ್ಟಿ ಕ್ಯಾಲೆನ್ ಹಾಡಿದ ‘ಇಟ್ಸ್ ಬೀನ್ ಎ ಲಾಂಗ್, ಲಾಂಗ್ ಟೈಮ್’ ಬಂತು. ಆದರೆ ಮರಳಿ ಬಂದವರು ಮದುವೆಯಾಗಿ ಮನೆಯಲ್ಲಿ ಕೂತರು. ಕುಣಿತದ ಜಾಗಗಳ ಮೇಲೆ ಸರ್ಕಾರ 1944ರಲ್ಲಿ ಹಾಕಿದ ಶೇ 30ರ ತೆರಿಗೆ ಶೇ 20ಕ್ಕೆ ಇಳಿದರೂ ಉಳಿಯಿತು, ಹದಿನಾರು ಜನರ ಸಂಬಳ, ಬಸ್ಸು, ಹೋಟೆಲು ಖರ್ಚು ಮೇಲೇರಿತು. 1946ರ ಕೊನೆಯ ಒಂದೆರಡು ತಿಂಗಳಲ್ಲಿ ಗುಡ್‌ಮನ್, ಟಾಮಿ ಡಾರ್ಸಿ, ಹ್ಯಾರಿ ಜೇಮ್ಸ್, ಲೆಸ್ ಬ್ರೌನ್, ವುಡಿ ಹರ್ಮನ್ ಹೀಗೆ ಸಾಲಾಗಿ ಬ್ಯಾಂಡು ಮುಚ್ಚಿದರು. ಕೆಲವರು ಆಮೇಲೆ ಮತ್ತೆ ಕಟ್ಟಿದರು, ಹಳೆಯ ದಿನ ಮಾತ್ರ ಬರಲಿಲ್ಲ.

ಕೇಳಲು ಶುರು ಮಾಡುವವರಿಗೆ ಒಂದು ಮಾತು. ಸ್ಟ್ರೀಮಿಂಗ್ ಆ್ಯಪುಗಳಲ್ಲಿ ಈ ಹಾಡುಗಳ ಹೆಸರು ಹುಡುಕಿದರೆ ಬರುವುದೆಲ್ಲ ಮೂಲದ್ದಲ್ಲ. ಹಲವು ಬ್ಯಾಂಡ್ ಮಾಲೀಕರು 1950ರ ದಶಕದಲ್ಲಿ ತಮ್ಮದೇ ಹಿಟ್ ಹಾಡುಗಳನ್ನು ಹೈ-ಫೈ ಶಬ್ದದಲ್ಲಿ ಮತ್ತೆ ಮಾಡಿದರು. ಹೆಲೆನ್ ಫಾರೆಸ್ಟ್ ಕೂಡ 1955ರಲ್ಲಿ ಜೇಮ್ಸ್ ಜೊತೆ ಬಂದು ಹಾಡಿದ್ದಾಳೆ. ಅವು ಕೆಟ್ಟದ್ದಲ್ಲ, ಶಬ್ದವೂ ಸ್ಪಷ್ಟ. ಆದರೆ ಆ ಹೊತ್ತಿಗೆ ಎಲ್ಲರಿಗೂ ಆ ಹಾಡಿನ ಗತ್ತು ಗೊತ್ತಾಗಿಬಿಟ್ಟಿದೆ, ಹಿಂಜರಿಕೆ ಹೋಗಿದೆ. ಗ್ಲೆನ್ ಮಿಲ್ಲರ್ ಹೆಸರಿನಲ್ಲಂತೂ ಅವನು 1944ರ ಡಿಸೆಂಬರಿನಲ್ಲಿ ವಿಮಾನದ ಜೊತೆ ಕಾಣೆಯಾದ ಮೇಲೆ ಬೇರೆಯವರು ನುಡಿಸಿದ್ದೇ ರಾಶಿ ಇದೆ. ಹಾಗಾಗಿ ಹಾಡಿನ ಹೆಸರಿಗಿಂತ ಮೊದಲು ವರ್ಷ ನೋಡಿ. 1942ರ ‘ಐ ಹ್ಯಾಡ್ ದಿ ಕ್ರೇಜಿಯೆಸ್ಟ್ ಡ್ರೀಮ್’ ಸಿಕ್ಕರೆ ಅಲ್ಲಿಂದ ಶುರು ಮಾಡಿ, ಕರಕರ ಸದ್ದು ಸ್ವಲ್ಪ ಇರುತ್ತದೆ, ಇರಲಿ, ‘ರೀಮಾಸ್ಟರ್’ ಅಂತ ಆ ಸದ್ದನ್ನು ಪೂರ್ತಿ ಉಜ್ಜಿ ತೆಗೆದದ್ದರಲ್ಲಿ ಟ್ರಂಪೆಟ್ಟಿನ ಹೊಳಪೂ ಉಜ್ಜಿಹೋಗಿರುತ್ತದೆ.